ಎಣ್ಣೆ ಕುಡಿದ ಹದಿನಾಲ್ಕು ಗುಂಟೆ: ಮಣ್ಣು ಶುದ್ಧಗೊಳಿಸಲು ಸಾಲ ಪಡೆದ ನನ್ನ ಅನುಭವ

ಅಡಿಪಾಯದ ಮೊದಲ ಗುಂಡಿ ನಾಲ್ಕು ಅಡಿ ಇಳಿಯುವಷ್ಟರಲ್ಲಿ ಕೆಲಸದವರು ಮೇಲೆ ಹತ್ತಿ ಬಂದರು. ಒಬ್ಬನಿಗೆ ತಲೆ ಸುತ್ತುತ್ತಿತ್ತು. ನಾನು ಬಗ್ಗಿ ನೋಡಿದೆ. ಮೇಲಿನ ಕೆಂಪು ಮಣ್ಣಿನ ಕೆಳಗೆ ಜಿಡ್ಡು ಹಿಡಿದ ಕಪ್ಪು ಪದರ, ಅದರಿಂದ ಏಳುತ್ತಿದ್ದ ಹಳೆಯ ಡೀಸೆಲ್ ವಾಸನೆ. ಅದು 2021ರ ನವೆಂಬರ್. ಅಂದು ಕೆಲಸ ನಿಲ್ಲಿಸಿದವರು ಮತ್ತೆ ಅಡಿಪಾಯಕ್ಕೆ ಕೈ ಹಾಕಿದ್ದು 2024ರಲ್ಲಿ.

ನಾನು ಶಿವಮೊಗ್ಗದ ಒಂದು ಗ್ರಾಹಕರ ಸಹಕಾರ ಸಂಘದ ಕಾರ್ಯದರ್ಶಿ. ಬಾಡಿಗೆ ಮಳಿಗೆ ಬಿಟ್ಟು ಸ್ವಂತ ಜಾಗಕ್ಕೆ ಹೋಗಬೇಕು, ಮುಂದೆ ಅಂಗಡಿ, ಹಿಂದೆ ಗೋದಾಮು, ಮಹಡಿಯಲ್ಲಿ ಸಭಾಂಗಣ ಕಟ್ಟಬೇಕು ಎಂಬುದು ಸದಸ್ಯರ ಬಹುದಿನದ ಆಸೆ. ಊರಿನ ಹಳೆಯ ಭಾಗದಲ್ಲಿ, ತುಂಗೆಯ ಕಡೆಗೆ ಇಳಿಜಾರಾಗಿರುವ ಬೀದಿಯಲ್ಲಿ 14 ಗುಂಟೆ ಸಿಕ್ಕಿತು. ಹಿಂದೆ ಅಲ್ಲಿ ಲಾರಿಗಳ ಗ್ಯಾರೇಜ್ ಇತ್ತು. ಅಕ್ಕಪಕ್ಕದ ದರಕ್ಕಿಂತ ಕಡಿಮೆಗೆ ಬಂದಾಗ ನಮ್ಮ ಪುಣ್ಯ ಎಂದುಕೊಂಡೆವು. ಏಕೆ ಕಡಿಮೆ ಎಂದು ಯಾರೂ ಕೇಳಲಿಲ್ಲ. ಕ್ರಯಪತ್ರಕ್ಕೆ ಸಹಿ ಹಾಕಿದವಳು ನಾನು, ಕೇಳಬೇಕಾಗಿದ್ದವಳೂ ನಾನೇ.

ಕಟ್ಟಡಕ್ಕೆ ಸರ್ಕಾರಿ ಸ್ವಾಮ್ಯದ ಹಣಕಾಸು ಸಂಸ್ಥೆಯೊಂದು ಸಾಲ ಕೊಡಲು ತಾತ್ವಿಕವಾಗಿ ಒಪ್ಪಿತ್ತು. ಗುಂಡಿಯಲ್ಲಿ ಕಂಡದ್ದನ್ನು ಬರೆದು ತಿಳಿಸಿದೆ. ವಾರದೊಳಗೆ ಕಡತ ತಡೆಹಿಡಿದರು. ಅಲ್ಲಿನ ಅಧಿಕಾರಿ ಹೇಳಿದ ಮಾತು ನನಗೆ ಈಗಲೂ ನೆನಪಿದೆ: “ಮೇಡಂ, ಕಟ್ಟಡ ಕಾಣುತ್ತದೆ, ಯಂತ್ರ ಕಾಣುತ್ತದೆ. ಅಗೆದು ಹೊರಗೆ ಸಾಗಿಸಿದ ಮಣ್ಣನ್ನು ಕಡತದಲ್ಲಿ ಎಲ್ಲಿ ತೋರಿಸಲಿ?” ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಜಾಗ ಶುದ್ಧವಾಗುವವರೆಗೆ ಅಡಮಾನಕ್ಕೆ ಅದಕ್ಕೆ ಬೆಲೆಯಿಲ್ಲ. ಶುದ್ಧ ಮಾಡಲು ಹಣ ಬೇಕು, ಹಣಕ್ಕೆ ಅಡಮಾನ ಬೇಕು. ನಮ್ಮ ಊರುಗಳಲ್ಲಿ ಹಳೆಯ ಗ್ಯಾರೇಜು, ಹಳೆಯ ಬಂಕು, ಮುಚ್ಚಿದ ಕಾರ್ಖಾನೆಗಳ ಜಾಗ ವರ್ಷಗಟ್ಟಲೆ ಮುಳ್ಳುಗಿಡ ಬೆಳೆದುಕೊಂಡು ಬಿದ್ದಿರುವುದಕ್ಕೆ ಈ ಗಂಟೂ ಒಂದು ಕಾರಣ.

ಸಲಹೆಗಳಿಗೆ ಬರವಿರಲಿಲ್ಲ. “ನೆಲ ಸಮತಟ್ಟು ಎಂಬ ಬಾಬ್ತಿನಲ್ಲಿ ಸೇರಿಸಿಬಿಡಿ” ಎಂದರು ಒಬ್ಬರು. “ಎರಡಡಿ ಕೆಂಪು ಮಣ್ಣು ಹೊಡೆಸಿ ಮೇಲೆ ಕಾಂಕ್ರೀಟು ಹಾಕಿ, ಯಾರಿಗೆ ತಿಳಿಯುತ್ತದೆ?” ಎಂದರು ಇನ್ನೊಬ್ಬರು. ಪಕ್ಕದ ಮನೆಯ ಬಾವಿ ನಮ್ಮ ಬೇಲಿಯಿಂದ ಅರವತ್ತಡಿ ದೂರದಲ್ಲಿತ್ತು, ಇಳಿಜಾರಿನ ಕೆಳಬದಿಗೆ. ಆ ಮನೆಯ ಅಜ್ಜಿ ಮಳೆಗಾಲದಲ್ಲಿ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ ಎಂದು ಹೇಳಿದ ಮೇಲೆ ಮುಚ್ಚಿಬಿಡುವ ಮಾತು ನನ್ನ ಮಟ್ಟಿಗೆ ಮುಗಿದುಹೋಯಿತು. ಲೆಕ್ಕದ ದೃಷ್ಟಿಯಿಂದಲೂ ಅದು ಕೆಟ್ಟ ಸಲಹೆ. ಮಣ್ಣಿನ ಖರ್ಚನ್ನು ಕಟ್ಟಡದ ಖರ್ಚಿನೊಳಗೆ ಬಚ್ಚಿಟ್ಟರೆ, ಅದು ಹೆಚ್ಚಾದ ದಿನ ಕೇಳಲು ಬಾಬ್ತೇ ಇರುವುದಿಲ್ಲ.

ಮೊದಲು ನೆಲವನ್ನು ತಿಳಿಯಬೇಕಿತ್ತು. ಪರೀಕ್ಷೆಗೆ ಯಾರೂ ಸಾಲ ಕೊಡುವುದಿಲ್ಲ. ಸರ್ವಸದಸ್ಯರ ಸಭೆ ಕರೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸಂಘದ ಕಾಯ್ದಿಟ್ಟ ನಿಧಿಯಿಂದ ಹಣ ತೆಗೆಯಲು ಠರಾವು ಮಾಡಿಸಿದೆ. ಆ ಸಭೆ ರಾತ್ರಿ ಹತ್ತರವರೆಗೆ ನಡೆಯಿತು. ಜಾಗ ಮಾರಿ ಕೈತೊಳೆದುಕೊಳ್ಳೋಣ ಎಂದವರೂ ಇದ್ದರು. “ಯಾರಿಗೆ ಮಾರುತ್ತೀರಿ? ಅವರಿಗೂ ಹೇಳದೆಯೇ?” ಎಂದು ಹಿರಿಯ ಸದಸ್ಯೆಯೊಬ್ಬರು ಕೇಳಿದ ಮೇಲೆ ಸಭೆ ತಣ್ಣಗಾಯಿತು.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಗ್ಯಾರೇಜಿನಲ್ಲಿ ಮೂವತ್ತು ವರ್ಷ ದುಡಿದ ಮೇಸ್ತ್ರಿ. ಅವರನ್ನು ಹುಡುಕಿಕೊಂಡು ಹೋಗಿ ಕರೆತಂದೆ. ಕೋಲೂರಿಕೊಂಡು ಜಾಗವನ್ನೆಲ್ಲ ಸುತ್ತಿದರು. “ಇಲ್ಲಿ ಬ್ಯಾಟರಿ ರೂಮು ತಾಯಿ, ಆಸಿಡ್ಡನ್ನು ಈ ಮೂಲೆಗೇ ಚೆಲ್ಲುತ್ತಿದ್ದೆವು. ಇಲ್ಲಿ ಸರ್ವೀಸ್ ಗುಂಡಿ. ಆಯಿಲ್ ಬದಲಿಸಿದ್ದು ಆ ಚರಂಡಿಗೆ. ಡೀಸೆಲ್ ಟ್ಯಾಂಕು ಆ ಹುಣಸೆಮರದ ಬುಡದಲ್ಲಿ.” ಪರಿಸರ ಎಂಜಿನಿಯರ್ ಈ ಮೇಸ್ತ್ರಿಯ ಮಾತನ್ನು ಕೇಳಿಯೇ ಮಣ್ಣಿನ ಮಾದರಿ ತೆಗೆಯುವ ರಂಧ್ರಗಳ ಜಾಗ ಗುರುತು ಮಾಡಿದರು. ಎಂಟು ಕಡೆ ಕೊರೆದೆವು. ಒಂಬತ್ತನೆಯದನ್ನು ಹೋಲಿಕೆಗಾಗಿ ಗ್ಯಾರೇಜಿನ ಸೋಂಕು ತಗಲದ ಮೇಲ್ಬದಿಯ ಖಾಲಿ ನಿವೇಶನದಲ್ಲಿ ಕೊರೆದೆವು. ನಮ್ಮ ಮಣ್ಣಿನಲ್ಲಿ ಸಹಜವಾಗಿ ಎಷ್ಟು ಲೋಹವಿದೆ ಎಂದು ತಿಳಿಯದೆ, ಎಷ್ಟು ಸೇರಿಕೊಂಡಿದೆ ಎಂದು ಹೇಳಲಾಗದು.

ವರದಿ ಬಂದಾಗ ಕಾಯಿಲೆ ಒಂದಲ್ಲ, ಎರಡು ಎಂದು ತಿಳಿಯಿತು. ಬ್ಯಾಟರಿ ಮೂಲೆಯ ಮೇಲ್ಪದರದಲ್ಲಿ ಸೀಸ. ಟ್ಯಾಂಕಿನ ಸುತ್ತ ಜಂಬಿಟ್ಟಿಗೆಯ ಪದರದವರೆಗೂ ಡೀಸೆಲ್. ಡೀಸೆಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಅದೂ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ, ಏರಿ ಇಳಿದ ದಾರಿಯ ಮಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ. ಮಲೆನಾಡಿನ ಸೆರಗಿನ ಊರಿನಲ್ಲಿ ಆ ಏರಿಳಿತ ಸಣ್ಣದಲ್ಲ. ಆದರೂ ಎಣ್ಣೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಬಲ್ಲವು. ಸೀಸ ಮೂಲಧಾತು, ಅದನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಹೀಗೆ ಒಂದೇ ಜಾಗಕ್ಕೆ ಎರಡು ಬಗೆಯ ಕೆಲಸ, ಎರಡು ಬಗೆಯ ಖರ್ಚು.

ಸಾಲದ ಅರ್ಜಿಯನ್ನು ಮತ್ತೆ ಬರೆಯುವಾಗ ನನಗೆ ದಾರಿ ತೋರಿಸಿದ್ದು ಅಮೆರಿಕದ ಒಂದು ವ್ಯವಸ್ಥೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1995ರಲ್ಲಿ ಇಂಥ ಪಾಳು ಬಿದ್ದ ಕಲುಷಿತ ಜಾಗಗಳಿಗಾಗಿ ಕಾರ್ಯಕ್ರಮ ಶುರು ಮಾಡಿತು, 2002ರಲ್ಲಿ ಅದಕ್ಕೆ ಪ್ರತ್ಯೇಕ ಕಾನೂನೇ ಬಂತು. ಅದರಡಿ ನಗರಾಡಳಿತಗಳಿಗೆ, ರಾಜ್ಯಗಳಿಗೆ ಮೂಲಧನ ಸಿಗುತ್ತದೆ. ಅವು ಅದನ್ನು ಶುದ್ಧೀಕರಣಕ್ಕೆ ಕಡಿಮೆ ಬಡ್ಡಿಯಲ್ಲಿ ಸಾಲ ಕೊಡುತ್ತವೆ, ಮರಳಿ ಬಂದ ಹಣ ಮುಂದಿನ ಜಾಗಕ್ಕೆ ಸಾಲವಾಗಿ ಹೋಗುತ್ತದೆ. ನಮ್ಮ ಮಹಿಳಾ ಸಂಘಗಳ ಸುತ್ತುನಿಧಿ ಗೊತ್ತಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಜಾಗ ಕೊಳ್ಳಲು ಆ ಹಣ ಬಳಸುವಂತಿಲ್ಲ. ಮಾಲಿನ್ಯಕ್ಕೆ ಹೊಣೆಯಾದವರಿಗೂ ಅದು ಸಿಗುವುದಿಲ್ಲ. ನಮ್ಮಲ್ಲಿ ಅಂಥ ನಿಧಿಯ ಬಾಗಿಲು ನನಗೆ ಸಿಗಲಿಲ್ಲ. ಆದರೆ ಅದರ ತತ್ವವನ್ನು ನಮ್ಮ ಅರ್ಜಿಗೆ ತಂದುಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಸಾಲವನ್ನು ಎರಡು ಖಾತೆಗಳಾಗಿ ಒಡೆಯಿರಿ ಎಂದು ಕೇಳಿದೆ. ಮಣ್ಣಿಗೆ ಒಂದು, ಕಟ್ಟಡಕ್ಕೆ ಒಂದು. ಮಣ್ಣಿನ ಸಾಲಕ್ಕೆ ಜಾಗವನ್ನಲ್ಲ, ಸಂಘದ ಠೇವಣಿಯನ್ನು ಭದ್ರತೆಯಾಗಿ ಕೊಟ್ಟೆವು. ಮಣ್ಣು ಶುದ್ಧವಾದ ಮೇಲೆ ಜಾಗದ ಮೌಲ್ಯವನ್ನು ಹೊಸದಾಗಿ ಕಟ್ಟಿಸಿ, ಅದರ ಮೇಲೆ ಕಟ್ಟಡದ ಸಾಲ. ಮಾಲಿನ್ಯ ನಮ್ಮದಲ್ಲ ಎಂದು ತೋರಿಸಲು ಹಳೆಯ ಕ್ರಯಪತ್ರಗಳು, ಋಣಭಾರ ಪತ್ರ, ಗ್ಯಾರೇಜಿನ ಹಳೆಯ ಪರವಾನಗಿಯ ಪ್ರತಿ, ಮೇಸ್ತ್ರಿಯ ಹೇಳಿಕೆ ಎಲ್ಲವನ್ನೂ ಜೋಡಿಸಿದೆ. “ಮಣ್ಣನ್ನು ಎಲ್ಲಿ ತೋರಿಸಲಿ” ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಕಂತುಗಳನ್ನು ಗುತ್ತಿಗೆದಾರರ ಬಿಲ್ಲಿಗೆ ಕಟ್ಟಬೇಡಿ, ಪ್ರಯೋಗಾಲಯದ ವರದಿಗೆ ಕಟ್ಟಿ. ಗುಂಡಿಯ ತಳ ಮತ್ತು ಗೋಡೆಗಳ ಮಾದರಿ ಸರಿ ಬಂದರೆ ಎರಡನೆಯ ಕಂತು, ರಾಶಿ ಹಾಕಿದ ಮಣ್ಣು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮೂರನೆಯದು. ಅಧಿಕಾರಿ ಅದನ್ನು ಎರಡು ಸಲ ಓದಿ, “ಇದು ಕಡತದಲ್ಲಿ ಕೂರುತ್ತದೆ” ಎಂದರು.

ಅನಿರೀಕ್ಷಿತ ವೆಚ್ಚದ ಬಾಬ್ತಿಗೆ ಮಾತ್ರ ಹಟ ಹಿಡಿದೆ. ಕಟ್ಟಡದ ಅಂದಾಜಿನಲ್ಲಿ ನೂರಕ್ಕೆ ಐದು ಇಟ್ಟರೆ ಸಾಕೆನ್ನುತ್ತಾರೆ. ಕಣ್ಣಿಗೆ ಕಾಣದ ನೆಲಕ್ಕೆ 25 ಬೇಕೆಂದೆ, 20ಕ್ಕೆ ಒಪ್ಪಿದರು. ಹದಿನೆಂಟು ತಿಂಗಳು ಅಸಲಿಗೆ ಬಿಡುವು ಸಿಕ್ಕಿತು. ಬಿಡುವಿನಲ್ಲಿಯೂ ಬಡ್ಡಿ ಓಡುತ್ತಿರುತ್ತದೆ ಎಂಬುದನ್ನು ಸದಸ್ಯರಿಗೆ ಮೊದಲ ದಿನವೇ ಬಿಡಿಸಿ ಹೇಳಬೇಕಿತ್ತು. ನಾನು ತಡವಾಗಿ ಹೇಳಿದೆ, ಅದಕ್ಕಾಗಿ ಬೈಸಿಕೊಂಡೆ.

2023ರ ಸಂಕ್ರಾಂತಿ ಕಳೆದ ವಾರ ಅಗೆತ ಶುರುವಾಯಿತು. ನಮ್ಮ ಕಡೆ ಈ ಕೆಲಸಕ್ಕೆ ಸಿಗುವುದು ಜನವರಿಯಿಂದ ಮೇವರೆಗೆ, ಅಷ್ಟೇ. ಸೀಸದ ಮಣ್ಣನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ, ಮುಚ್ಚಿದ ಲಾರಿಗಳಲ್ಲಿ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸಾಗಾಣಿಕೆಯ ರಹದಾರಿ ಪತ್ರ ಬರೆದು ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಕಳಿಸಿದೆವು. ಮಣ್ಣಿನ ತೂಕಕ್ಕಿಂತ ದೂರವೇ ದುಬಾರಿಯಾಯಿತು. ಆದ್ದರಿಂದ ಒಳ್ಳೆಯ ಮಣ್ಣು ಅದರೊಂದಿಗೆ ಬೆರೆಯದಂತೆ ಎಂಜಿನಿಯರ್ ದಿನವಿಡೀ ನಿಂತು ಅಗೆಸಿದರು.

ಎಣ್ಣೆ ಮಣ್ಣನ್ನು ಜಾಗದಲ್ಲಿಯೇ ಉಳಿಸಿಕೊಂಡೆವು. ದಪ್ಪ ಪ್ಲಾಸ್ಟಿಕ್ ಹಾಸು, ಸುತ್ತ ಕಟ್ಟೆ, ಮೇಲೆ ತಗಡಿನ ಮಾಡು. ಸೂಕ್ಷ್ಮಜೀವಿಗಳಿಗೆ ಗಾಳಿ, ತೇವ, ಸಾರಜನಕ, ರಂಜಕ ಬೇಕು. ಯೂರಿಯಾ, ಸೂಪರ್ ಫಾಸ್ಫೇಟ್ ಅಳತೆಯಲ್ಲಿ ಹಾಕಿದೆವು. ಮಣ್ಣು ಗಟ್ಟಿಯಾಗಿ ಕೂರದೆ ಗಾಳಿಯಾಡಲೆಂದು ಅಡಿಕೆ ಸಿಪ್ಪೆ ಬೆರೆಸಿದೆವು. ಅದನ್ನು ಸೂಚಿಸಿದ್ದು ತೀರ್ಥಹಳ್ಳಿ ಕಡೆಯ ಒಬ್ಬ ಸದಸ್ಯರು. ಅವರ ಅಂಗಳದಲ್ಲಿ ಗುಡ್ಡೆ ಬಿದ್ದಿತ್ತು, ಲಾರಿ ಬಾಡಿಗೆ ಮಾತ್ರ ನಮ್ಮದು. ಹದಿನೈದು ದಿನಕ್ಕೊಮ್ಮೆ ಮಗುಚುತ್ತಿದ್ದೆವು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು, ಅದೇ ತೇವದ ಅಳತೆ. ಮೂರು ತಿಂಗಳಲ್ಲಿ ಡೀಸೆಲ್ ಅರ್ಧಕ್ಕಿಳಿಯಿತು. ಎಂಜಿನ್ ಆಯಿಲ್ ಮಾತ್ರ ಹಟಮಾರಿ, ಅದಕ್ಕಾಗಿ ಹನ್ನೊಂದು ತಿಂಗಳು ಕಾದೆವು.

ಮಾರ್ಚಿನಲ್ಲಿ ಹುಣಸೆಮರದ ಆಚೆ ಇನ್ನೊಂದು ಟ್ಯಾಂಕು ಸಿಕ್ಕಿತು. ಮೇಸ್ತ್ರಿ ಕೆಲಸಕ್ಕೆ ಸೇರುವ ಮೊದಲೇ ಹೂತದ್ದು, ತುಕ್ಕು ಹಿಡಿದು ಜರಡಿಯಾಗಿತ್ತು. ನೂರಕ್ಕೆ 20ರ ಬಾಬ್ತು ಅಲ್ಲಿಗೇ ಬಹುಪಾಲು ಮುಗಿಯಿತು. ಅದಿಲ್ಲದಿದ್ದರೆ ತೆರೆದ ಗುಂಡಿಯೊಂದಿಗೆ ಮಳೆಗಾಲಕ್ಕೆ ಸಿಕ್ಕಿಬೀಳುತ್ತಿದ್ದೆವು. ಆದರೂ ಎರಡನೆಯ ಕಂತು ಐದು ವಾರ ತಡವಾಗಿ, ಜೂನಿನ ಮೊದಲ ಮಳೆ ಗುಂಡಿಯ ಮೂಲೆಗೆ ನುಗ್ಗಿಯೇ ಬಿಟ್ಟಿತು. ಎರಡು ರಾತ್ರಿ ಪಂಪು ಹಚ್ಚಿ, ಆ ನೀರನ್ನು ಚರಂಡಿಗೆ ಬಿಡದೆ ಡ್ರಮ್ಮುಗಳಲ್ಲಿ ತುಂಬಿಸಿಟ್ಟೆವು. ಅದು ಹೋಗಿ ಸೇರುವುದು ತುಂಗೆಗೆ. ಎರಡನೆಯ ಕಂತು ಏಪ್ರಿಲ್ ಮುಗಿಯುವುದರೊಳಗೆ ಕೈಸೇರಬೇಕು ಎಂದು ಒಪ್ಪಂದದಲ್ಲಿಯೇ ಬರೆಸದಿದ್ದದ್ದು ನನ್ನ ದೊಡ್ಡ ತಪ್ಪು.

ಈಗ ಈ ಕೆಲಸಕ್ಕೆ ಇಳಿಯುವವರಿಗೆ ನಮಗಿಲ್ಲದ ಒಂದು ಆಧಾರವಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ, 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ, ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಶುದ್ಧೀಕರಣದ ವೆಚ್ಚ ಮಾಲಿನ್ಯ ಮಾಡಿದವರದು. ಅವರು ಪತ್ತೆಯಾಗದಿದ್ದರೆ ಸರ್ಕಾರಗಳು ಭರಿಸಬೇಕು. ನಮ್ಮಂಥ ಪುಟ್ಟ ಜಾಗಗಳು ಆ ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ ಎಂದೇ ನನ್ನ ಎಣಿಕೆ. ಅದಕ್ಕಾಗಿಯೇ ಜಿಲ್ಲೆಗೊಂದು ಸುತ್ತುನಿಧಿ ಬೇಕು ಎಂದು ಹೋದಲ್ಲೆಲ್ಲ ಹೇಳುತ್ತಿದ್ದೇನೆ, ಸಹಕಾರ ಇಲಾಖೆಗೂ ಬರೆದಿದ್ದೇನೆ.

ಗುಣವಾದ ಮಣ್ಣನ್ನು ವಾಹನ ನಿಲ್ಲಿಸುವ ಅಂಗಳದ ಕೆಳಗೆ ತುಂಬಿದೆವು, ಗಿಡಗಳ ಪಾತಿಗೆ ಹಾಕಲಿಲ್ಲ. ಅಂಗಡಿ ತೆರೆದು ವರ್ಷವಾಗುತ್ತಾ ಬಂತು, ಮಣ್ಣಿನ ಸಾಲದ ಕಂತು ತಪ್ಪಿಲ್ಲ. ಪಕ್ಕದ ಬಾವಿಯ ನೀರನ್ನು ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪರೀಕ್ಷೆಗೆ ಕಳಿಸುತ್ತೇವೆ. ಅದರ ಖರ್ಚು ಸಂಘದ್ದು. ಸೀಸ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 0.01 ಮಿಲಿಗ್ರಾಂಗಿಂತ ಕೆಳಗೇ ಇದೆ. ಎಣ್ಣೆಯ ಅಂಶ ಮಾತ್ರ ಕಳೆದ ಸಲವೂ ತುಸು ಕಂಡಿತ್ತು. ಅಜ್ಜಿ ಮೊನ್ನೆ ಬೇಲಿಯ ಬಳಿ ನಿಂತು, “ಏನೇ ಮಗಳೇ, ಈ ಸಲ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ನಮ್ಮ ಬಾವಿಯದೇ ಸೇದಬಹುದೇನೇ?” ಎಂದು ಕೇಳಿದರು. ಹಂಡೆಗೆ ತುಂಬಿ, ಕುಡಿಯಲು ಇನ್ನೂ ಬೇಡ, ಮುಂದಿನ ವರದಿ ಬರಲಿ ಎಂದೆ.