ರಂಗಮಾಲೆ ನೆಡುವ ಮುನ್ನ ತಾಯಿ ಗಿಡವನ್ನು ಪರೀಕ್ಷಿಸಿ

ಕುಂಕುಮದ ಗಿಡವೆಂದೂ ಕರೆಯುವ ರಂಗಮಾಲೆಯನ್ನು ಬಣ್ಣಕ್ಕಾಗಿ ಬೆಳೆಸಬೇಕೆಂದಿರುವ ಸದಸ್ಯರು, ಸಿಕ್ಕ ಬೀಜವನ್ನು ಹಾಗೆಯೇ ಬಿತ್ತದೆ ಮೊದಲು ತಾಯಿ ಗಿಡವನ್ನು ಗಮನಿಸಬೇಕೆಂದು ಕೋರುತ್ತೇನೆ. ಉಷ್ಣವಲಯದ ಅಮೆರಿಕ ಮೂಲದ ಈ ಒಂದೇ ಪ್ರಭೇದದಲ್ಲಿ ಹೂವು ಬಿಳಿಯಾಗಿಯೂ ಇರುತ್ತದೆ, ನಸುಗೆಂಪಾಗಿಯೂ ಇರುತ್ತದೆ. ಕಾಯಿ ಕಡುಗೆಂಪಿನಿಂದ ಹಸಿರಿನವರೆಗೆ ಬದಲಾಗುತ್ತದೆ, ಅದರ ಮೇಲಿನ ಮೆತ್ತನೆಯ ಮುಳ್ಳು ಕೆಲವು ಗಿಡಗಳಲ್ಲಿ ದಟ್ಟ, ಕೆಲವುಗಳಲ್ಲಿ ವಿರಳ.

ಕಣ್ಣಿಗೆ ಕಾಣದ ವ್ಯತ್ಯಾಸವೇ ನಮಗೆ ಮುಖ್ಯ. ಬೀಜದ ಹೊರಪದರದಲ್ಲಿರುವ ಬಿಕ್ಸಿನ್ ಎಂಬ ವರ್ಣದ್ರವ್ಯವು ಕೆಲವು ಗಿಡಗಳಲ್ಲಿ ಬೀಜದ ತೂಕದ ಶೇ. 1ರಷ್ಟಿದ್ದರೆ ಇನ್ನು ಕೆಲವುಗಳಲ್ಲಿ ಶೇ. 4ನ್ನೂ ದಾಟುತ್ತದೆ. ಕಾಯಿ ಕೆಂಪಾಗಿದೆ ಎಂದ ಮಾತ್ರಕ್ಕೆ ಬಣ್ಣ ಹೆಚ್ಚೆಂದು ದಯವಿಟ್ಟು ನಂಬಬೇಡಿ.

ಒಂದೇ ಕೊಯ್ಲಿನ, ನೆರಳಿನಲ್ಲಿ ಒಣಗಿಸಿದ ಬೀಜಗಳನ್ನು ಗಿಡವಾರು ಬೇರ್ಪಡಿಸಿ, ತಲಾ 10 ಗ್ರಾಂ ತೂಗಿ, 100 ಮಿ.ಲೀ. ಬೆಚ್ಚಗಿನ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಯಿಟ್ಟು, ಸೋಸಿದ ಎಣ್ಣೆಯನ್ನು ಗಾಜಿನ ಲೋಟಗಳಲ್ಲಿ ಬಿಳಿ ಕಾಗದದ ಮುಂದೆ ಹಿಡಿದು ಹೋಲಿಸಿದರೆ, ಯಾವ ಗಿಡ ಮೇಲೆಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ. ಬಿಕ್ಸಿನ್ ಬಿಸಿಲಿಗೆ ಮಾಸುವುದರಿಂದ ನೆರಳಿನ ವಿಷಯದಲ್ಲಿ ರಾಜಿ ಬೇಡ.

ಆಯ್ದ ಗಿಡದಿಂದ ಕಾಂಡದ ತುಂಡುಗಳನ್ನೇ ನೆಡಿ. ಜೇನ್ನೊಣಗಳಿಂದ ಪರಾಗ ಬೆರೆಯುವ ಕಾರಣ ಬೀಜದ ಸಸಿಗಳು ತಾಯಿಯನ್ನೇ ಹೋಲುತ್ತವೆಂಬ ಖಾತರಿಯಿಲ್ಲ.