ಪಿಳ್ಳೆ ನೆವಗಳ ಪುಸ್ತಕ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನೋ ಪಾತ್ರ ಕಟ್ಟಿ ಆಡೋ ಆಟದಲ್ಲಿ, ತಪ್ಪು ಮಾಡಿ 'ನನ್ನ ಕ್ಯಾರೆಕ್ಟರ್ ಮಾಡೋದೇ ಹಾಗೆ' ಅನ್ನೋ ಮಾತು ಕೇಳದ ಡಿಎಂ (ಕಥೆ, ಆಟ ನಡೆಸೋನು) ಇರಲಿಕ್ಕಿಲ್ಲ. ನಮ್ಮ ಟೇಬಲ್‌ನಲ್ಲಿ ಸೆಷನ್ನಿಗೆ ಏಳೆಂಟು ಸಲ ಬರ್ತಿತ್ತು. ಐದು ಆಟಗಾರರಲ್ಲಿ ಮೂವರು ಕೆಯಾಟಿಕ್ ನ್ಯೂಟ್ರಲ್, ಅಂದರೆ ಯಾವ ನಿಯಮಕ್ಕೂ ಬಗ್ಗದೆ ಮನಸ್ಸಿಗೆ ಬಂದಂತೆ ಮಾಡೋ ಪಾತ್ರಗಳು. ಉಳಿದದ್ದು ನಿಮಗೇ ಗೊತ್ತು.

ಇದಕ್ಕೆ ಮದ್ದು ಅಂತ ಮೊದಲು ಅಲೈನ್‌ಮೆಂಟ್ (ಪಾತ್ರದ ನೀತಿ-ಸ್ವಭಾವ) ಬದಲಿಸಿ ನೋಡಿದೆ. ಒಂದೂವರೆ ಗಂಟೆ ವಾದ ನಡೀತು, ಆಟ ನಡೀಲಿಲ್ಲ. ಆಮೇಲೆ ಎಕ್ಸ್‌ಪಿ (ಅನುಭವದ ಅಂಕ) ಕಡಿತ. ಮೂರು ಸೆಷನ್ ಯಾರೂ ತಪ್ಪು ಮಾಡಲಿಲ್ಲ, ಯಾರೂ ನಗಲೂ ಇಲ್ಲ.

ದೊಡ್ಡ ಎಡವಟ್ಟು ದಂಡದ್ದು. ಅಪರಾಧಕ್ಕೆ 50 ಗೋಲ್ಡ್ (ಆಟದ ಚಿನ್ನದ ನಾಣ್ಯ) ಅಂತ ಕಾವಲುಗಾರರ ಬಾಯಲ್ಲಿ ಹೇಳಿಸಿದೆ. ಗಾಯ ಮಾಯಿಸೋ ಒಂದು ಹೀಲಿಂಗ್ ಪೋಷನ್ ಬೆಲೆ, ಉರಿಯುತ್ತೆ ಅಂದುಕೊಂಡಿದ್ದೆ. ರೋಗ್ (ಕಳ್ಳನ ಪಾತ್ರದವನು) ಅದನ್ನೇ ರೇಟ್ ಕಾರ್ಡ್ ಮಾಡಿಕೊಂಡ. ಮುಂದಿನ ಊರಿನ ಬಾಗಿಲಲ್ಲೇ 200 ಎಣಿಸಿಟ್ಟು 'ನಾಲ್ಕರದ್ದು ಅಡ್ವಾನ್ಸ್' ಅಂದ. ದಂಡ ಸುಮಾರು 900 ವಸೂಲಾಗಿರಬೇಕು. ಅವರು ಕದ್ದದ್ದು ಅದರ ಮೂರು ಪಟ್ಟು.

ಆದರೆ ಆ 'ಅಡ್ವಾನ್ಸ್' ಮಾತಿಗೆ ಟೇಬಲ್ ಬಿದ್ದು ಬಿದ್ದು ನಕ್ಕಿತ್ತು, ನಾನೂ ಸೇರಿ. ಕದ್ದಾಗ ಯಾರೂ ನಕ್ಕಿರಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಮಜಾ ಇರೋದೆಲ್ಲ ಆ ನೆವದಲ್ಲೇ.

ಒಂದು ಪುಸ್ತಕ ಇಟ್ಟೆ. ಏನು ಬೇಕಾದರೂ ಮಾಡಿ, ಸಮರ್ಥನೆ ಮಾತ್ರ ಕ್ಯಾರೆಕ್ಟರ್ ಬಾಯಲ್ಲೇ, ಒಂದೇ ವಾಕ್ಯದಲ್ಲಿ ಬರಲಿ. ಎಲ್ಲರೂ ನಕ್ಕರೆ ಇನ್‌ಸ್ಪಿರೇಷನ್, ಅಂದರೆ ದಾಳ ಹಾಕುವಾಗ ನೆರವಾಗೋ ಬಹುಮಾನ. ವಾಕ್ಯ ಅಕ್ಷರಶಃ ಪುಸ್ತಕಕ್ಕೆ. ಅಲ್ಲಿಂದಾಚೆ ಆ ಲೋಕದಲ್ಲಿ ಯಾರು ಬೇಕಾದರೂ ಅದನ್ನು ಬಳಸಬಹುದು, ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸರೂ. ಇನ್ನೊಬ್ಬ ಡಿಎಂ ಗೆಳೆಯ, 'ಎರಡೇ ಸೆಷನ್, ಎಲ್ಲ ಎದ್ದು ಹೋಗ್ತಾರೆ' ಅಂದಿದ್ದ.

ವ್ಯಾಪಾರಿಯ ಗಾಡಿ ಖಾಲಿ ಮಾಡಿ ರೋಗ್ ಬರೆಸಿದ್ದು: 'ಕಾವಲಿಲ್ಲದ ಗಾಡಿ ಅಂದ್ರೆ ದಾನ.' ಕೆಲವು ಸೆಷನ್ ಬಿಟ್ಟು ಇವರೇ ಗಾಡಿ ಹೊರಗೆ ಬಿಟ್ಟು ಗುಹೆ ಹೊಕ್ಕರು. ವಾಪಸ್ ಬಂದರೆ ಗಾಡಿಯಿಲ್ಲ, 1,100 ಗೋಲ್ಡ್ ಇಲ್ಲ, ಸತ್ತವರನ್ನು ಬದುಕಿಸೋ ರಿವಿವಿಫೈ ಮಂತ್ರಕ್ಕೆ ಅಂತ ಕ್ಲೆರಿಕ್ (ಪೂಜಾರಿ ಪಾತ್ರದವನು) ಇಟ್ಟಿದ್ದ 300 ಗೋಲ್ಡಿನ ವಜ್ರವೂ ಇಲ್ಲ. ಒಂದು ಚೀಟಿ: 'ದಾನಕ್ಕೆ ಧನ್ಯವಾದ.' ಮೊದಲು ನಕ್ಕವನು ರೋಗೇ. ಕ್ಲೆರಿಕ್ ಮಾತ್ರ ಎರಡು ಸೆಷನ್ ಅವನಿಗೆ ಹೀಲ್ ಮಾಡಲಿಲ್ಲ.

ಮಂತ್ರವಾದಿ ವಿಜರ್ಡ್‌ನದ್ದು ಇನ್ನೂ ಚಂದ. ನೆಲಮಾಳಿಗೆಯ ಇಲಿಗಳಿಗೆ ಫೈರ್‌ಬಾಲ್ ಅನ್ನೋ ಬೆಂಕಿಯುಂಡೆ ಮಂತ್ರ! ಇಪ್ಪತ್ತು ಅಡಿ ತ್ರಿಜ್ಯ, ಎಂಟು ಡಿ6 (ಆರು ಮುಖದ ದಾಳ) ಹಾಕಿ ಬಂದಷ್ಟು ಪೆಟ್ಟು. ಇಲಿಗೆ ಹೆದರಿ ಮನೆಗೆ ಬೆಂಕಿ ಹಚ್ಚೋ ಗಾದೆಯನ್ನು ಆಡಿಯೇ ತೋರಿಸಿದ. ನೆವ: 'ಒಪ್ಪಂದದಲ್ಲಿ ಇಲಿ ಅಂತಿತ್ತು, ಮನೆ ಉಳಿಸಬೇಕು ಅಂತಿರಲಿಲ್ಲ.' ಮುಂದಿನ ಧಣಿ 500 ತಾಮ್ರದ ನಾಣ್ಯ ಸುರಿದು 'ಒಪ್ಪಂದದಲ್ಲಿ ನಾಣ್ಯ ಅಂತಿತ್ತು, ಚಿನ್ನ ಅಂತಿರಲಿಲ್ಲ' ಅಂದ. ಲೆಕ್ಕಕ್ಕೆ ಐದು ಗೋಲ್ಡ್.

ನಡುವೆ ಹೆಣವನ್ನು ಮಾತಾಡಿಸೋ ಸ್ಪೀಕ್ ವಿತ್ ಡೆಡ್ ಮಂತ್ರ ಹಾಕಿ ಸತ್ತವನನ್ನೇ ವಿಚಾರಣೆ ಮಾಡೋ ಪ್ರಯೋಗವೂ ಆಯ್ತು. ಇರೋದು ಐದೇ ಪ್ರಶ್ನೆ. ಮೂರನ್ನು ಬಾರ್ಡ್ (ಹಾಡುಗಾರನ ಪಾತ್ರದವನು) 'ತಪ್ಪು ನಿನ್ನದೂ ಇತ್ತಲ್ವಾ?' ಅನ್ನೋದಕ್ಕೇ ಖರ್ಚು ಮಾಡಿದ. ಕೈಬಿಟ್ಟೆ.

ಸೆಷನ್ ಜೀರೋದಲ್ಲಿ (ಆಟ ಶುರುವಾಗೋ ಮೊದಲಿನ ಮಾತುಕತೆಯಲ್ಲಿ) ಬೇಡ ಅಂದ ವಿಷಯಗಳಿಗೆ ಎಂಥ ನೆವ ಬಂದರೂ ಪುಸ್ತಕ ತೆರೆಯಲ್ಲ. ಯಾವ ವಾಕ್ಯ ಯಾವಾಗ ತಿರುಗಿ ಬರುತ್ತೆ ಅಂತ ಆರಿಸೋದಕ್ಕೂ ನನ್ನದೊಂದು ಲೆಕ್ಕ ಇದೆ. ಇಲ್ಲಿ ಬರೆಯಲ್ಲ, ನನ್ನ ಆಟಗಾರರೂ ಓದ್ತಾರೆ.

ಈಗ ಅರವತ್ತರ ಹತ್ತಿರ ವಾಕ್ಯಗಳಾಗಿವೆ, ಯಾರೂ ಎದ್ದು ಹೋಗಿಲ್ಲ. ಕಳೆದ ಸಲ ಮಾತ್ರ ಪರದೆ ಹಿಂದೆ ನಾನೊಂದು ಡಿ20 (ಇಪ್ಪತ್ತು ಮುಖದ ದಾಳ) ಮಗುಚಿದ್ದು ಸಿಕ್ಕಿಬಿತ್ತು. ರೋಗ್ ಪುಸ್ತಕ ಎಳೆದುಕೊಂಡು ಪೆನ್ನು ಹಿಡಿದು ಕೂತ. 'ಹೇಳಿ, ಒಂದೇ ವಾಕ್ಯ.'