ಮೈದಾ: ಕಪ್ಪಿನಿಂದ ಗ್ರಾಂಗೆ ಸರಿಯಾದ ಲೆಕ್ಕ ಸಿಕ್ಕಿದ್ದು ಹೀಗೆ

ಅದೇ ಪಾಕವಿಧಾನ, ಅದೇ ಓವನ್. ಆದರೂ ಕೇಕ್ ಒಮ್ಮೆ ಮೆತ್ತಗೆ, ಮತ್ತೊಮ್ಮೆ ಒಣಗಿ ಬಿರುಕು. ಕಪ್ಪಿನಲ್ಲಿ ಅಳೆದ ಸಕ್ಕರೆ, ಹಾಲುಗಳ ತೂಕ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು, ಏರುಪೇರಾಗುತ್ತಿದ್ದುದು ಮೈದಾ.

ಹೊಸ ಅಳತೆ ಕಪ್ ತಂದರೂ ಪ್ರಯೋಜನವಾಗಲಿಲ್ಲ. ಪರಿವರ್ತನೆಯ ಪಟ್ಟಿಗಳಲ್ಲಿ ಒಂದು 120 ಗ್ರಾಂ ಎಂದರೆ ಇನ್ನೊಂದು 150 ಎನ್ನುತ್ತದೆ. ತಕ್ಕಡಿಯ ಮಿಲಿಲೀಟರ್ ಗುಂಡಿಯಂತೂ ಹಿಟ್ಟಿಗೆ ದಂಡ. ಪಾತ್ರೆಯಲ್ಲಿರುವುದು ನೀರೆಂದೇ ಅದರ ಲೆಕ್ಕ.

ಫಲಿಸಿದ ಕ್ರಮ ಇದು. ಡಿಜಿಟಲ್ ತಕ್ಕಡಿಯನ್ನು ಗ್ರಾಂಗೆ ಹೊಂದಿಸಿ, ಖಾಲಿ ಕಪ್ ಇಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಸುಮಾರು 237 ಬಂದರೆ ಅಮೆರಿಕದ ಕಪ್, 250 ಬಂದರೆ ಮೆಟ್ರಿಕ್. ಪಾಕವಿಧಾನದ್ದು ಯಾವುದೆಂದು ಇಲ್ಲಿಯೇ ತಾಳೆ ನೋಡಿ. ಕಪ್ಪನ್ನು ಒರೆಸಿ ಪೂರ್ತಿ ಒಣಗಿಸಿ. ಡಬ್ಬಿಯ ಹಿಟ್ಟನ್ನು ಕೆದಕಿ ಸಡಿಲಿಸಿ, ಚಮಚದಿಂದ ಕಪ್ಪಿಗೆ ಉದುರಿಸಿ, ಕುಟ್ಟಬೇಡಿ, ಅದುಮಬೇಡಿ. ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿ ತೂಗಿ. ನನ್ನ ಅಮೆರಿಕದ ಕಪ್ಪಿಗೆ 124 ಬಂತು. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಬಾಚಿದಾಗ 148! 3 ಕಪ್ಪಿಗೆ 72 ಗ್ರಾಂ ವ್ಯತ್ಯಾಸ, ಅಂದರೆ ಅರ್ಧ ಕಪ್ಪಿಗೂ ಹೆಚ್ಚು ಹಿಟ್ಟು.

ಈಗ ಮುಚ್ಚಳದ ಮೇಲೆ 124 ಎಂದು ಬರೆದು, ಕಪ್ ಬಿಟ್ಟು ತೂಗಿಯೇ ಹಾಕುತ್ತೇನೆ. ಬೇಕಿಂಗ್ ಪೌಡರ್, ಉಪ್ಪು ಮಾತ್ರ ಚಮಚದಲ್ಲೇ ಇರಲಿ. ಅಷ್ಟು ಸಣ್ಣ ತೂಕವನ್ನು ಅಡುಗೆಮನೆಯ ತಕ್ಕಡಿ ನಿಖರವಾಗಿ ತೋರಿಸುವುದಿಲ್ಲ.